ರಷ್ಯನ್ ಕಾದಂಬರಿಗಳಲ್ಲಿ ‘ನಮ್ಮ ನಾಡು’ ಅಂದರೆ ಯಾವುದು? ಓದಿದವರು ಹೇಳಿ

ಮಂಡಿಪೇಟೆ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾವು ಎಂಟು ಜನ ತಿಂಗಳಿಗೆ ಎರಡು ಭಾನುವಾರ ಸೇರಿ ಪುಸ್ತಕ ಓದುತ್ತೇವೆ. ಇಬ್ಬರು ಅಂಗಡಿಯವರು, ಒಬ್ಬರು ನರ್ಸ್, ಉಳಿದವರು ಮನೆ, ಮಕ್ಕಳು, ಟೀಚರ್ ಕೆಲಸ ಅಂತ ಓಡಾಡುವವರು. ಈ ಮಳೆಗಾಲ ಪೂರ್ತಿ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಹಿಡಿದಿದ್ದೇವೆ. ಮುಂದಿನ ಸಲ ನಾನು ಮಾತಾಡಬೇಕು. ಈ ಪುಸ್ತಕದಲ್ಲಿ ದೇಶಪ್ರೇಮ ಹೇಗಿದೆ ಅಂತ ವಿಷಯ ನಾನೇ ಆರಿಸಿಕೊಂಡೆ. ಬರೆಯೋಕೆ ಕೂತ ಮೇಲೆ ಗೊಂದಲ ಶುರುವಾಗಿದೆ.

ಮೊದಲನೆಯದು ಭಾಷೆ. ನೆಪೋಲಿಯನ್‌ಗೆ ರಷ್ಯಾ ಎದುರು ನಿಂತ ಕಥೆ ಅಂತ ಪುಸ್ತಕ ತೆರೆದರೆ ಮೊದಲ ಮಾತೇ ಫ್ರೆಂಚ್‌ನಲ್ಲಿದೆ. 1805ರ ಜುಲೈ, ಪೀಟರ್ಸ್‌ಬರ್ಗ್‌ನ ಒಂದು ಶ್ರೀಮಂತರ ಮನೆ. ಆ ಮನೆಯ ಒಡತಿ ನೆಪೋಲಿಯನ್‌ನನ್ನು ಬೈಯುತ್ತಾಳೆ, ಬೈಯುವುದು ಅವನ ಕಡೆಯವರ ಭಾಷೆಯಲ್ಲೇ. ಮುಂದೆ 1812ರಲ್ಲಿ ಶತ್ರು ಮಾಸ್ಕೋ ಕಡೆ ಬರುವಾಗ ಇಂಥವರೇ ಸೇರಿ, ಫ್ರೆಂಚ್ ಮಾತಾಡಿದವರಿಗೆ ದಂಡ ಅಂತ ಕಟ್ಟು ಮಾಡಿಕೊಳ್ಳುತ್ತಾರೆ. ಬೀದಿಯಲ್ಲಿ ಫ್ರೆಂಚ್ ಆಡಿದರೆ ಪೆಟ್ಟು ಬೀಳಬಹುದು ಅಂತ ಒಬ್ಬ ಪ್ರಿನ್ಸ್ ರಷ್ಯನ್ ಕಲಿಸೋಕೆ ಮೇಷ್ಟ್ರನ್ನ ಇಟ್ಟುಕೊಂಡ ಅಂತ ಸುದ್ದಿ. ತನ್ನ ನಾಡಿನ ಭಾಷೆಗೆ ಟ್ಯೂಷನ್. ಅದನ್ನು ಓದಿ ನನಗೆ ಹೊಟ್ಟೆಯೊಳಗೆ ಏನೋ ಆಯಿತು, ಯಾಕಂದರೆ ನನ್ನ ಮಗಳಿಗೂ ಕನ್ನಡದ ಒತ್ತಕ್ಷರಕ್ಕೆ ಈಗ ಟ್ಯೂಷನ್ ಇದೆ.

ಎರಡನೆಯದು ಕಾದಂಬರಿಯ ನಾಯಕಿ ನತಾಶಾ ಕುಣಿಯುವ ಜಾಗ. ಬೇಟೆ ಮುಗಿಸಿ ಕತ್ತಲಾದ ಮೇಲೆ ಹಳ್ಳಿಯಲ್ಲಿರುವ ಬಂಧು ಒಬ್ಬರ ಮನೆಗೆ ಹೋಗುತ್ತಾರೆ. ಮನೆಯ ಕೆಲಸ ನೋಡಿಕೊಳ್ಳುವ ಅನೀಸ್ಯಾ ತಟ್ಟೆ ತುಂಬ ತಂದಿಡುತ್ತಾಳೆ, ಅಣಬೆ, ರೈ ಹಿಟ್ಟಿನ ರೊಟ್ಟಿ, ಹುಟ್ಟಿನ ಸಮೇತ ಜೇನು. ಆ ಹಿರಿಯರು ಗಿಟಾರ್ ಹಿಡಿದು ಹಳ್ಳಿ ಹಾಡು ನುಡಿಸಿದಾಗ ನತಾಶಾ ಶಾಲು ಕಿತ್ತೆಸೆದು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಅವಳನ್ನು ಬೆಳೆಸಿದವಳು ಫ್ರೆಂಚ್ ಹೆಂಗಸು. ಈ ಕುಣಿತ ಯಾರೂ ಕಲಿಸಿಲ್ಲ. ಆದರೂ ಒಂದು ಹೆಜ್ಜೆ ತಪ್ಪುವುದಿಲ್ಲ. ನೋಡುತ್ತಾ ಅನೀಸ್ಯಾ ನಗುನಗುತ್ತಲೇ ಕಣ್ಣೀರು ತರುತ್ತಾಳೆ. ಇದೆಲ್ಲ ಈ ಹುಡುಗಿಗೆ ಎಲ್ಲಿಂದ ಬಂತು ಅಂತ ಟಾಲ್‌ಸ್ಟಾಯ್ ಕೇಳುತ್ತಾರೆ. ಉಸಿರಾಡಿದ ಗಾಳಿಯಿಂದಲೇ ಬಂತು ಅನ್ನುವ ಹಾಗೆ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ದುಗ್ಗಮ್ಮನ ಜಾತ್ರೆ. ಡೊಳ್ಳಿನವರು ಬೀದಿ ತಿರುಗುವಾಗ ನನ್ನ ಮಗಳು, ಮನೆಯಲ್ಲೂ ಇಂಗ್ಲಿಷೇ ಆಡುವ ಹುಡುಗಿ, ನನ್ನ ಕೈ ಬಿಡಿಸಿಕೊಂಡು ಹೋಗಿ ಅವರ ಪಕ್ಕ ಕುಣಿದಳು. ಸರಿಯಾದ ತಾಳಕ್ಕೆ. ನನಗೆ ಅಳು ಬಂತು. ಗುಂಪಿನಲ್ಲಿ ಇದನ್ನು ಹೇಳಿದೆ. ಆಗ ನಮ್ಮ ನರ್ಸ್ ಗೆಳತಿ, ಅವರು ಕೇರಳದವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆಯಿತು, ಮೆಲ್ಲಗೆ ಕೇಳಿದರು: “ಡೊಳ್ಳಿಗೆ ನನ್ನ ಕಾಲು ಕುಣಿಯಲ್ಲ. ಹಾಗಾದರೆ ನಾನು ಈ ಊರಿನವಳಲ್ವಾ?”

ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ರಷ್ಯನ್ ಲೇಖಕರು ‘ನಾವು ರಷ್ಯನ್ನರು’ ಅಂದಾಗ ಯಾರನ್ನೆಲ್ಲ ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ?


ದುರ್ಗದ ಮೇಷ್ಟ್ರು, ಚಿತ್ರದುರ್ಗ

ಓದುಗಿ ಅವರೇ, ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದೆ, ಮನೆಗೆ ಬಂದು ಓದಿದ್ದು ಮಾತ್ರ ರಷ್ಯನ್ನರನ್ನು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಆ ಫ್ರೆಂಚ್ ಬೇಕಂತಲೇ ಇಟ್ಟಿದ್ದು. 1873ರ ಮುದ್ರಣದಲ್ಲಿ ಟಾಲ್‌ಸ್ಟಾಯ್ ಅದನ್ನೆಲ್ಲ ರಷ್ಯನ್‌ಗೆ ತಿರುಗಿಸಿದ್ದರು, ಆಮೇಲೆ ಬಂದ ಮುದ್ರಣಗಳಲ್ಲಿ ಅದು ಮತ್ತೆ ಬಂತು. ಬರಲೇಬೇಕಿತ್ತು. ಒಂದೇ ನೆಲದ ಮೇಲೆ ಎರಡು ಭಾಷೆಯ ಜನ ಬದುಕುತ್ತಿದ್ದರು ಅನ್ನುವುದೇ ಆ ಕಾದಂಬರಿಯ ತಳಪಾಯ. ದೊಡ್ಡ ಮನೆಯಲ್ಲಿ ಫ್ರೆಂಚ್, ಹೊಲದಲ್ಲಿ ರಷ್ಯನ್. ಹೊಲದಲ್ಲಿದ್ದವರು ಸುಮ್ನೆ ಬಡವರಲ್ಲ, ಒಡೆಯನ ಆಸ್ತಿ. ಜೀತ ಕಾನೂನಿನ ಪ್ರಕಾರ ಹೋಗಿದ್ದು 1861ರಲ್ಲಿ. ಪುಷ್ಕಿನ್ನರ ‘ಯೆವ್ಗೆನಿ ಅನೇಗಿನ್’ ನೋಡಿ. ತತ್ಯಾನಾ ಅಪ್ಪಟ ರಷ್ಯನ್ ಹುಡುಗಿ, ಯಾಕೆ ಅಂತ ಗೊತ್ತಿಲ್ಲದೆಯೇ ಅಲ್ಲಿನ ಚಳಿಗಾಲವನ್ನು ಪ್ರೀತಿಸುವವಳು ಅಂತ ಕವಿ ಹೇಳುತ್ತಾರೆ. ಅದೇ ಹುಡುಗಿ ಪ್ರೇಮಪತ್ರ ಬರೆಯುವುದು ಫ್ರೆಂಚ್‌ನಲ್ಲಿ, ರಷ್ಯನ್‌ನಲ್ಲಿ ಬರೆಯೋಕೆ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ನಾನೇ ಅದನ್ನು ಅನುವಾದಿಸಿ ಕೊಡುತ್ತಿದ್ದೇನೆ ಅನ್ನುತ್ತಾರೆ ಪುಷ್ಕಿನ್. ರಷ್ಯನ್ ಕವಿತೆಯಲ್ಲೇ ಎಲ್ಲರಿಗೂ ಬಾಯಿಪಾಠವಿರುವ ಪತ್ರ ಅದು.

ಈಗ ಒಬ್ಬರ ಬಗ್ಗೆ ಹೇಳಲೇಬೇಕು, ಪ್ಯೋತರ್ ಚಾದಾಯೆವ್. 1812ರಲ್ಲಿ ನೆಪೋಲಿಯನ್ ಎದುರು ಬೊರೊಡಿನೊದಲ್ಲಿ ನಿಂತು ಕಾದಿದ ಸೈನಿಕ. ಆಮೇಲೆ ಕೂತು ಕೆಲವು ಪತ್ರ ಬರೆದರು, ಅವೂ ಫ್ರೆಂಚ್‌ನಲ್ಲೇ. ಮೊದಲ ಪತ್ರ 1836ರಲ್ಲಿ ‘ತೆಲೆಸ್ಕೋಪ್’ ಅನ್ನುವ ಪತ್ರಿಕೆಯಲ್ಲಿ ರಷ್ಯನ್‌ಗೆ ಅನುವಾದವಾಗಿ ಬಂತು. ನಾವು ಪಶ್ಚಿಮಕ್ಕೂ ಸೇರಿಲ್ಲ, ಪೂರ್ವಕ್ಕೂ ಸೇರಿಲ್ಲ, ಲೋಕಕ್ಕೆ ನಮ್ಮಿಂದ ಏನೂ ಹೋಗಿಲ್ಲ ಅಂತ ಅದರಲ್ಲಿತ್ತು. ಚಕ್ರವರ್ತಿ ಮೊದಲನೇ ನಿಕೊಲಾಯ್ ಏನು ಮಾಡಿದ ಗೊತ್ತಾ? ಪತ್ರಿಕೆ ಮುಚ್ಚಿಸಿದ, ಸಂಪಾದಕನನ್ನು ದೂರದೂರಿಗೆ ಅಟ್ಟಿದ, ಚಾದಾಯೆವ್‌ಗೆ ಹುಚ್ಚು ಹಿಡಿದಿದೆ ಅಂತ ಸರ್ಕಾರದಿಂದಲೇ ಸಾರಿಸಿದ. ಮನೆಯಿಂದ ಹೊರಗೆ ಬಿಡದೆ, ನೋಡಿಕೊಂಡು ಬರೋಕೆ ಡಾಕ್ಟರನ್ನು ಕಳಿಸಿದ. ಆಮೇಲೆ ಈ ಮನುಷ್ಯ ‘ಹುಚ್ಚನ ಸಮಜಾಯಿಷಿ’ ಅಂತ ಇನ್ನೊಂದು ಬರೆದರು. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಬಾಯಿ ಹೊಲಿದುಕೊಂಡು ನನ್ನ ನಾಡನ್ನು ಪ್ರೀತಿಸುವುದು ನಾನು ಕಲಿತಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ನನ್ನ ಟೇಬಲ್ ಗಾಜಿನ ಕೆಳಗೆ ಅದನ್ನು ಬರೆದಿಟ್ಟುಕೊಂಡು ಬಹಳ ವರ್ಷ ಆಯಿತು.

ಅದೇ ಹೊತ್ತಿಗೆ ಸರ್ಕಾರದ್ದು ಬೇರೆ ಉತ್ತರ ಇತ್ತು. 1833ರಲ್ಲಿ ಶಿಕ್ಷಣ ಮಂತ್ರಿ ಉವಾರೊವ್ ಮೂರು ಪದ ಕೊಟ್ಟ: ನಮ್ಮ ಧರ್ಮ, ನಮ್ಮ ದೊರೆ, ನಮ್ಮತನ. ಆ ‘ನಮ್ಮತನ’ಕ್ಕೆ ರಷ್ಯನ್‌ನಲ್ಲಿ ‘ನರೋದ್ನೊಸ್ತ್’ ಅನ್ನುತ್ತಾರೆ. ‘ನರೋದ್’ ಅಂದರೆ ಜನ. ಹಳ್ಳಿಯ ಜನ ಅಂತಲೂ ಹೌದು, ಇಡೀ ನಾಡಿನ ಜನ ಅಂತಲೂ ಹೌದು. ಈ ಒಂದು ಪದದ ಮೇಲೆ ನೂರು ವರ್ಷ ಜಗಳ ನಡೆದಿದೆ. ರಷ್ಯಾಕ್ಕೆ ತನ್ನದೇ ದಾರಿ ಇದೆ ಅನ್ನುವ ಸ್ಲಾವ್ ಪರದವರು ಒಂದು ಕಡೆ, ಯುರೋಪಿನ ದಾರಿ ಹಿಡಿಯಬೇಕು ಅನ್ನುವ ಪಶ್ಚಿಮದ ಪರದವರು ಇನ್ನೊಂದು ಕಡೆ. ಸ್ಲಾವ್ ಪರದ ಕಾನ್‌ಸ್ತಾಂತಿನ್ ಅಕ್ಸಾಕೊವ್ ಹಳೇ ಕಾಲದ ರಷ್ಯನ್ ಉಡುಪು ಹಾಕಿಕೊಂಡು ಓಡಾಡಿದರೆ ಬೀದಿಯ ಜನ ಪರ್ಷಿಯಾದವನು ಬಂದ ಅಂದುಕೊಂಡರು ಅಂತ ಚಾದಾಯೆವ್ ಹೇಳುತ್ತಿದ್ದರು, ಅದನ್ನು ಪಶ್ಚಿಮದ ಪರದ ಲೇಖಕ ಗೆರ್ಟ್ಸೆನ್ ಬರೆದಿಟ್ಟಿದ್ದಾರೆ. ಜನರ ಬಟ್ಟೆ ಅಂತ ಇವರು ಉಟ್ಟಿದ್ದು ಜನರಿಗೇ ಗುರುತು ಸಿಗಲಿಲ್ಲ. ಆದರೂ ಅದೇ ಗೆರ್ಟ್ಸೆನ್, ಎದುರು ಪಕ್ಷದವರಾಗಿದ್ದೂ, ನಮ್ಮ ಮುಖ ಬೇರೆ ಬೇರೆ ಕಡೆ ತಿರುಗಿತ್ತು, ಎದೆ ಮಾತ್ರ ಒಂದೇ ಬಡಿಯುತ್ತಿತ್ತು ಅಂದಿದ್ದಾರೆ.

ನಿಮ್ಮ ಗೆಳತಿಗೆ ಇದನ್ನು ಹೇಳಿ. ಪುಷ್ಕಿನ್ನರ ತಾಯಿಯ ಅಜ್ಜ ಆಫ್ರಿಕಾದಿಂದ ಬಂದವರು, ಹುಡುಗನಾಗಿದ್ದಾಗ ಪೀಟರ್ ದೊರೆಯ ಆಸ್ಥಾನ ಸೇರಿದ ಗನ್ನಿಬಾಲ್. ಪುಷ್ಕಿನ್ ಅದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಅವರ ಮೇಲೇ ಕಾದಂಬರಿ ಶುರುಮಾಡಿದ್ದರು. ಲೆರ್ಮೊಂತೊವ್ ವಂಶದ ಮೂಲ ಸ್ಕಾಟ್ಲೆಂಡ್. ರಕ್ತ ಲೆಕ್ಕ ಹಾಕಿದರೆ ರಷ್ಯನ್ ಕವಿತೆಯ ದೊಡ್ಡ ಹೆಸರುಗಳೇ ಬಾಗಿಲ ಹೊರಗೆ ನಿಲ್ಲುತ್ತವೆ.


ಮಂಡಿಪೇಟೆ ಓದುಗಿ

ಮೇಷ್ಟ್ರೇ, ತುಂಬಾ ಉಪಕಾರ. ಪುಷ್ಕಿನ್ ವಿಷಯ ಈಗಲೇ ಫೋನ್ ಮಾಡಿ ಹೇಳಿದೆ. ಅವರು ಖುಷಿಪಟ್ಟರು. ಆಮೇಲೆ, “ಅವರು ಪುಷ್ಕಿನ್ ಆದ ಮೇಲೆ ಸೇರಿಸಿಕೊಂಡರು, ಆಗದೆ ಇದ್ದಿದ್ದರೆ?” ಅಂದರು.


ಹೊಳೆದಂಡೆ, ಹರಿಹರ

ನಮಸ್ಕಾರ ಅಕ್ಕ, ನಮಸ್ಕಾರ ಮೇಷ್ಟ್ರೇ. ನಾನು ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದೆ. 2022ರ ಮಾರ್ಚ್‌ನಲ್ಲಿ ವಾಪಸ್ ಬಂದೆ. ಸಾಹಿತ್ಯ ಓದಿದವನಲ್ಲ. ಆದರೆ ಪುಷ್ಕಿನ್ ಹೆಸರು ಬಂದಿದ್ದರಿಂದ ಬರೆಯಬೇಕು ಅನಿಸಿತು.

ಯುದ್ಧ ಶುರುವಾದ ಮೇಲೆ ನಾವು ಮಲಗಿದ್ದು ಒಂದು ಮೆಟ್ರೋ ನಿಲ್ದಾಣದಲ್ಲಿ. ಅದರ ಹೆಸರು ಪುಷ್ಕಿನ್‌ಸ್ಕಾ. ಪುಷ್ಕಿನ್ ಹೆಸರಿನ ನಿಲ್ದಾಣ. ಮೇಲೆ ಬೀಳುತ್ತಿದ್ದದ್ದು ರಷ್ಯಾದ ಬಾಂಬ್. ನಮ್ಮ ಪಕ್ಕ ಚಾಪೆ ಹಾಸಿದ್ದ ಅಜ್ಜಿ ಮೊಮ್ಮಗನಿಗೆ ಒಂದು ಪದ್ಯ ಹೇಳುತ್ತಿದ್ದರು, ರಷ್ಯನ್‌ನಲ್ಲಿ. ಆ ಊರಿನಲ್ಲಿ ಮನೆಮಾತು ಹೆಚ್ಚಾಗಿ ರಷ್ಯನ್ನೇ ಇತ್ತು. ಮೂರನೇ ದಿನವೋ ನಾಲ್ಕನೇ ದಿನವೋ ಅಜ್ಜಿ ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ಶುರುಮಾಡಿದಾಗ ಯುಕ್ರೇನಿಯನ್‌ನಲ್ಲಿ, ತಡವರಿಸಿಕೊಂಡು. ಮೊಮ್ಮಗ ಮುಂಚಿನದ್ದೇ ಹೇಳು ಅಂತ ಹಟ ಮಾಡಿದ. ಅಜ್ಜಿ ಗೋಡೆ ಕಡೆ ತಿರುಗಿಕೊಂಡರು. ಈಗ ಆ ನಿಲ್ದಾಣದ ಹೆಸರೂ ಬದಲಾಗಿದೆ. ಯುಕ್ರೇನ್‌ನ ಎಷ್ಟೋ ಊರುಗಳಲ್ಲಿ ಪುಷ್ಕಿನ್ ಪ್ರತಿಮೆ ಇಳಿಸಿದ್ದಾರೆ. ನೀವು ಪುಸ್ತಕದಲ್ಲಿ ಓದುವ ಪುಷ್ಕಿನ್ ಬೇರೆ, ಚೌಕದಲ್ಲಿ ನಿಲ್ಲಿಸಿದ ಪುಷ್ಕಿನ್ ಬೇರೆ ಅಂತ ನನಗೆ ಅಲ್ಲಿ ಗೊತ್ತಾಯಿತು.

ಬಂದ ಮೇಲೆ ಓದೋಕೆ ಶುರುಮಾಡಿದೆ. ಗೊಗೊಲ್ ಹುಟ್ಟಿದ್ದು ಇವತ್ತಿನ ಯುಕ್ರೇನ್‌ನ ಪೊಲ್ತಾವಾ ಕಡೆ. ‘ತಾರಾಸ್ ಬುಲ್ಬಾ’ 1835ರಲ್ಲಿ ಒಂದು ಸಲ, 1842ರಲ್ಲಿ ಇನ್ನೊಂದು ಸಲ ಬರೆದರು. ಎರಡನೇ ಸಲಕ್ಕೆ ಕಥೆ ಬೆಳೆಯಿತು, ಕೊಸಾಕ್ ಮುದುಕ ಬೆಂಕಿಯಲ್ಲಿ ಬೇಯುತ್ತಾ ರಷ್ಯಾ ನೆಲದಿಂದ ಒಬ್ಬ ದೊರೆ ಏಳುತ್ತಾನೆ ಅಂತ ಭವಿಷ್ಯ ಹೇಳುವುದೂ ಬಂತು. ನನ್ನದು ಯುಕ್ರೇನಿನ ಆತ್ಮವೋ ರಷ್ಯನ್ ಆತ್ಮವೋ ನನಗೇ ಗೊತ್ತಿಲ್ಲ ಅಂತ 1844ರ ಒಂದು ಪತ್ರದಲ್ಲಿ ಅವರೇ ಬರೆದಿದ್ದಾರೆ. ಅಷ್ಟು ಪ್ರಾಮಾಣಿಕವಾಗಿ ಬರೆದವರ ಕಾದಂಬರಿ ಮಾತ್ರ ಗೊತ್ತಿರುವ ಹಾಗೆ ಮಾತಾಡುತ್ತದೆ. ಅದು ನನಗೆ ನೋವು.

ಇನ್ನು ತಾರಾಸ್ ಶೆವ್‌ಚೆಂಕೊ. ಇವರು ಹುಟ್ಟಿದ್ದೇ ಜೀತದಲ್ಲಿ. ಚಿತ್ರ ಬರೆಯುವ ಹುಡುಗ. 1838ರಲ್ಲಿ ಬಿಡುಗಡೆಗೆ 2500 ರೂಬಲ್ ಬೇಕಾಯಿತು. ರಷ್ಯನ್ ಕಲಾವಿದ ಬ್ರ್ಯುಲ್ಲೊವ್ ರಷ್ಯನ್ ಕವಿ ಝುಕೊವ್‌ಸ್ಕಿಯ ಚಿತ್ರ ಬರೆದುಕೊಟ್ಟರು, ಅದನ್ನು ಲಾಟರಿ ಎತ್ತಿ ದುಡ್ಡು ಕೂಡಿಸಿದರು. ಒಂಬತ್ತು ವರ್ಷ ಆದ ಮೇಲೆ, 1847ರಲ್ಲಿ, ಯುಕ್ರೇನಿಯನ್ ಕವಿತೆಗಳಿಗಾಗಿ ಅದೇ ಮನುಷ್ಯನನ್ನು ಸಾಮಾನ್ಯ ಸಿಪಾಯಿ ಮಾಡಿ ಒರೆನ್‌ಬರ್ಗ್ ಕಡೆ ಗಡಿಗೆ ಅಟ್ಟಿದರು. ಬರೆಯಲೂಬಾರದು, ಚಿತ್ರ ತೆಗೆಯಲೂಬಾರದು ಅಂತ ದೊರೆ ನಿಕೊಲಾಯ್ ತನ್ನ ಕೈಯಾರೆ ಸೇರಿಸಿದ. 1876ರಲ್ಲಿ ಯುಕ್ರೇನಿಯನ್‌ನಲ್ಲಿ ಪುಸ್ತಕ ಅಚ್ಚು ಹಾಕುವುದಕ್ಕೇ ಹೆಚ್ಚು ಕಡಿಮೆ ಪೂರ್ತಿ ತಡೆ ಬಂತು. ಹಾಗಾಗಿ ಮೇಷ್ಟ್ರೇ, ಎದೆ ಒಂದೇ ಬಡಿಯುತ್ತಿತ್ತು ಅನ್ನುವ ಮಾತು ಚೆಂದವಾಗಿದೆ, ಆದರೆ ಬೇರೆ ಭಾಷೆಯ ಎದೆಗಳು ಆ ಲೆಕ್ಕದಲ್ಲಿ ಇರಲಿಲ್ಲ.

ಖಾರ್ಕಿವ್‌ನಲ್ಲಿ ಶೆವ್‌ಚೆಂಕೊ ಅವರ ದೊಡ್ಡ ಪ್ರತಿಮೆ ಇದೆ, ಸುತ್ತ ಬೇರೆ ಬೇರೆ ಮನುಷ್ಯರ ಮೂರ್ತಿ. ಸಂಜೆ ಅದರ ಕೆಳಗೆ ಕೂತು ನಾವು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದೆವು. ನಾನು ಬಂದ ಮೇಲೆ ಫೋಟೋ ನೋಡಿದೆ. ತಲೆಯವರೆಗೆ ಮರಳಿನ ಚೀಲ ಪೇರಿಸಿದ್ದರು.


ದುರ್ಗದ ಮೇಷ್ಟ್ರು

ತಮ್ಮಾ, ನೀನು ಹೇಳಿದ್ದು ಸರಿ. ಆ ಅಜ್ಜಿ ಗೋಡೆ ಕಡೆ ತಿರುಗಿದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪುಷ್ಕಿನ್ ತಪ್ಪೂ ನನ್ನ ಮಾತಿನಲ್ಲಿ ಬರಬೇಕಿತ್ತು. ಕಾಕಸಸ್ ಅಂದರೆ ರಷ್ಯಾದ ದಕ್ಷಿಣದ ಬೆಟ್ಟದ ನಾಡು, ಆಗ ರಷ್ಯಾ ಅದನ್ನು ಗೆಲ್ಲೋಕೆ ಕಾದಾಡುತ್ತಿತ್ತು. 1822ರ ‘ಕಾಕಸಸ್‌ನ ಸೆರೆಯಾಳು’ ಕವನದ ಕೊನೆಗೆ, ಕಾಕಸಸ್ಸೇ ತಲೆ ಬಗ್ಗಿಸು, ಯೆರ್ಮೊಲೊವ್ ಬರುತ್ತಿದ್ದಾನೆ ಅಂತ ದಂಡನಾಯಕನನ್ನು ಹೊಗಳಿದ್ದಾರೆ. ಆಗಲೇ ಅವರ ಗೆಳೆಯ ವ್ಯಾಜೆಮ್‌ಸ್ಕಿ, ಕವಿತೆ ಕೊಲೆಗಡುಕರ ಜೊತೆಗಾತಿ ಅಲ್ಲ ಅಂತ ಇನ್ನೊಬ್ಬ ಗೆಳೆಯನಿಗೆ ಪತ್ರ ಬರೆದಿದ್ದರು. ಹಾಗೆ ಹೇಳುವವರು ಅಲ್ಲೇ, ಅವರ ನಡುವೆಯೇ ಇದ್ದರು.

ಆದರೆ ದೊಸ್ತೊಯೆವ್‌ಸ್ಕಿಯ ಪರವಾಗಿ ಒಂದು ಮಾತು, ಯಾಕಂದರೆ ಯಾರಾದರೂ ಅವರನ್ನು ಬೈಯುತ್ತಾರೆ ಅಂತ ನನಗೆ ಗೊತ್ತು. ಗೊಗೊಲ್‌ಗೆ ವಿಮರ್ಶಕ ಬೆಲಿನ್‌ಸ್ಕಿ ಬರೆದ ಖಾರದ ಪತ್ರವನ್ನು ಗೆಳೆಯರ ನಡುವೆ ಗಟ್ಟಿಯಾಗಿ ಓದಿದ್ದೂ ಒಂದು ಅಪರಾಧ ಅಂತ 1849ರಲ್ಲಿ ಅವರಿಗೆ ಮರಣದಂಡನೆ ಆಯಿತು. ಡಿಸೆಂಬರ್ 22ಕ್ಕೆ ಗುಂಡಿಡುವ ಜಾಗದವರೆಗೆ ಕರೆತಂದು, ಕೊನೇ ಗಳಿಗೆಯಲ್ಲಿ ಸೈಬೀರಿಯಾಕ್ಕೆ ಕಳಿಸಿದರು. ಓಮ್‌ಸ್ಕ್ ಜೈಲಿನಲ್ಲಿ ನಾಲ್ಕು ವರ್ಷ. ಒಂದು ಈಸ್ಟರ್ ದಿನ ಕೈದಿಗಳು ಕುಡಿದು ಹೊಡೆದಾಡುತ್ತಿದ್ದರು. ನೋಡಲಾಗದೆ ಹೊರಗೆ ಬಂದರೆ ಪೋಲೆಂಡಿನ ಒಬ್ಬ ಕೈದಿ ಎದುರಾಗಿ, ಈ ದರೋಡೆಕೋರರನ್ನು ನಾನು ದ್ವೇಷಿಸುತ್ತೇನೆ ಅಂದ. ನೋಡಿ, ಅಂದಿದ್ದು ಫ್ರೆಂಚ್‌ನಲ್ಲಿ. ದೊಸ್ತೊಯೆವ್‌ಸ್ಕಿ ಒಳಗೆ ಬಂದು ಮಲಗಿದರು. ಆಗ ಒಂಬತ್ತು ವರ್ಷದವನಿದ್ದಾಗಿನ ಒಂದು ಹೊತ್ತು ನೆನಪಾಯಿತು. ತೋಳ ಬಂತು ಅಂತ ಯಾರೋ ಕೂಗಿದ ಹಾಗಾಗಿ ಅವರು ಓಡಿದ್ದರು. ಉಳುತ್ತಿದ್ದ ಮರೇಯ್ ಅನ್ನುವ ಜೀತದಾಳು ನೇಗಿಲು ನಿಲ್ಲಿಸಿ, ಮಣ್ಣು ಮೆತ್ತಿದ ದಪ್ಪ ಬೆರಳಿನಿಂದ ಆ ಹುಡುಗನ ನಡುಗುವ ತುಟಿಯನ್ನು ಮೆಲ್ಲಗೆ ಮುಟ್ಟಿದ್ದ. ಅಷ್ಟೇ. ಮಲಗಿದಲ್ಲಿಂದ ಎದ್ದು ನೋಡಿದಾಗ ಆ ಕುಡುಕ ಕೈದಿಗಳ ಮುಖ ಬೇರೆ ಥರ ಕಂಡಿತು. 1876ರಲ್ಲಿ ಇದನ್ನು ಬರೆದರು. ಅವರ ದೇಶಭಕ್ತಿ ಹುಟ್ಟಿದ್ದು ಆ ಬೆರಳಿನಿಂದ. ಅದನ್ನು ನಾನು ಸುಳ್ಳು ಅನ್ನಲಾರೆ.


ಮಿಲ್ ಕಾಲನಿ, ದಾವಣಗೆರೆ

ನಮ್ಮ ಅಪ್ಪ ಇಲ್ಲಿನ ಬಟ್ಟೆ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಯೂನಿಯನ್ ಕಚೇರಿಗೆ ಬರುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಕಡಿಮೆ ದುಡ್ಡಿಗೆ ತರುತ್ತಿದ್ದರು. ಗೋರ್ಕಿಯ ‘ತಾಯಿ’ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಇತ್ತು. ದುಡಿಯುವವನಿಗೆ ದೇಶ ಗೀಶ ಇಲ್ಲ, ಎಲ್ಲ ಕಡೆಯ ಕೂಲಿಗಳೂ ಒಂದೇ ಅಂತ ಅಪ್ಪ ನಂಬಿದ್ದರು. ಆದರೆ ನಡೆದಿದ್ದು ಬೇರೆ. ಹಿಟ್ಲರ್ ದಂಡು ಬಂದಾಗ ಸ್ಟಾಲಿನ್ ನೆನೆದಿದ್ದು ಅಲೆಕ್ಸಾಂದರ್ ನೆವ್‌ಸ್ಕಿ, ಕುತುಜೊವ್ ಇಂಥ ಹಳೇ ಕಾಲದ ಶೂರರನ್ನು. 1944ರಲ್ಲಿ ಎಲ್ಲ ದೇಶದ ದುಡಿಯುವವರ ಹಾಡಾದ ‘ಇಂಟರ್‌ನ್ಯಾಷನಲ್’ ತೆಗೆದು ಹೊಸ ರಾಷ್ಟ್ರಗೀತೆ ತಂದರು, ಅದರ ಮೊದಲ ಸಾಲುಗಳಲ್ಲೇ ‘ಮಹಾ ರಷ್ಯಾ’ ಬಂತು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ಪಾಪ.

ನಾನು ಹೇಳಬೇಕು ಅಂತಿದ್ದದ್ದು ಕವಿ ಅನ್ನಾ ಅಖ್ಮಾತೊವಾ ಬಗ್ಗೆ. 1942ರಲ್ಲಿ ರಷ್ಯನ್ ಮಾತನ್ನು ಉಳಿಸಿಕೊಳ್ಳುತ್ತೇವೆ ಅಂತ ಅವರು ಬರೆದ ಕವಿತೆಯನ್ನು ಕಮ್ಯುನಿಸ್ಟ್ ಪಾರ್ಟಿಯ ಪತ್ರಿಕೆ ‘ಪ್ರಾವ್ದಾ’ ಅಚ್ಚು ಹಾಕಿತು. 1946ರಲ್ಲಿ ಪಾರ್ಟಿಯೇ ಅವರನ್ನು ಬೈದು, ಲೇಖಕರ ಸಂಘದಿಂದ ಹೊರಗೆ ಹಾಕಿಸಿತು. ನಾಲ್ಕೇ ವರ್ಷ! ಇದಕ್ಕೂ ಮುಂಚೆ, ಹೆಚ್ಚಾಗಿ 1930ರ ದಶಕದ ಕೊನೆಯಲ್ಲಿ, ಗುಟ್ಟಾಗಿ ಬರೆದುಕೊಂಡಿದ್ದು ‘ರಿಕ್ವಿಯಂ’ ಅನ್ನುವ ಕವಿತೆ. ಮಗ ಜೈಲಿನಲ್ಲಿ. ಲೆನಿನ್‌ಗ್ರಾಡ್ ಜೈಲಿನ ಮುಂದೆ ಹದಿನೇಳು ತಿಂಗಳು ಸಾಲಿನಲ್ಲಿ ನಿಂತರು. ಹಿಂದೆ ನಿಂತಿದ್ದ ಹೆಂಗಸು, ಚಳಿಗೆ ತುಟಿ ನೀಲಿಗಟ್ಟಿದೆ, ಕಿವಿಯ ಹತ್ತಿರ ಬಂದು ಕೇಳುತ್ತಾಳೆ: ಇದನ್ನು ನೀವು ಬರೆಯಬಲ್ಲಿರಾ? ಬರೆಯಬಲ್ಲೆ ಅಂತಾರೆ ಕವಿ. ಕಾಗದದಲ್ಲಿ ಇಟ್ಟರೆ ಅಪಾಯ ಅಂತ ಗೆಳತಿಯರಿಗೆ ತೋರಿಸಿ, ಅವರು ಬಾಯಿಪಾಠ ಮಾಡಿದ ಮೇಲೆ ಸುಡುತ್ತಿದ್ದರು. ಅವರ ದೇಶದಲ್ಲಿ ಅದು ಅಚ್ಚಾಗಿದ್ದು 1987ರಲ್ಲಿ, ಅವರು ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ. ದುರದೃಷ್ಟಕ್ಕೆ ನನ್ನ ಜನ ಎಲ್ಲಿದ್ದರೋ ನಾನೂ ಅಲ್ಲೇ ಇದ್ದೆ ಅಂತ ಶುರುವಿನಲ್ಲಿ ಹೇಳುತ್ತಾರೆ. ‘ನನ್ನ ಜನ’ ಅಂದರೆ ಯಾರು? ಆ ಸಾಲು. ಓದುಗಿ ಅಕ್ಕ, ನಿಮ್ಮ ನರ್ಸ್ ಗೆಳತಿಗೆ ಇದನ್ನು ಕೊಡಿ. ಇಪ್ಪತ್ತು ವರ್ಷ ಈ ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು ನಮ್ಮ ಸಾಲಿನಲ್ಲಿ ನಿಂತಿಲ್ವಾ?


ಜೋಗಿಮಟ್ಟಿ, ಚಿತ್ರದುರ್ಗ

ನಾನು ಕೋಟೆಯಲ್ಲಿ ಬಂದವರಿಗೆ ಜಾಗ ತೋರಿಸಿ ಕಥೆ ಹೇಳುವ ಕೆಲಸ ಮಾಡುತ್ತೇನೆ. ಮೇಷ್ಟ್ರು ನನಗೆ ಗುರುಗಳು, ಪುಸ್ತಕ ಕೊಟ್ಟವರೇ ಅವರು. ಆದರೂ ದೊಸ್ತೊಯೆವ್‌ಸ್ಕಿ ವಿಷಯದಲ್ಲಿ ಒಪ್ಪೋಕೆ ಆಗಲ್ಲ, ಕ್ಷಮಿಸಿ ಸರ್. ಮರೇಯ್ ಕಥೆಯ ಕೊನೆ ನೆನಪಿಸಿಕೊಳ್ಳಿ. ಆ ಪೋಲೆಂಡಿನವನಿಗೆ ಪಾಪ, ಇಂಥ ಮರೇಯ್ ನೆನಪು ಇರೋಕೆ ಸಾಧ್ಯ ಇರಲಿಲ್ಲ ಅಂತ ಮುಗಿಸುತ್ತಾರೆ. ಯಾಕೆ ಇರಬಾರದು? ಪೋಲೆಂಡಿನಲ್ಲಿ ಉಳುವವರಿರಲಿಲ್ವಾ, ಅವರ ಬೆರಳಿಗೆ ಮಣ್ಣು ಮೆತ್ತಿರಲಿಲ್ವಾ? ಪ್ರೀತಿ ಅಲ್ಲಿವರೆಗೆ ಬಂತು, ಬೇಲಿ ಹತ್ತಿರ ನಿಂತುಬಿಟ್ಟಿತು. ಮುಂದೆ ಅದೇ ಬರಹಗಳ ಸಾಲಿನಲ್ಲಿ ಟರ್ಕಿಯ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ನಮ್ಮದಾಗಬೇಕು ಅಂತ ಬರೆದರು.

1877ರ ಜಗಳವನ್ನು ಓದುಗಿ ಅಕ್ಕ ತಮ್ಮ ಗುಂಪಿನಲ್ಲಿ ಹೇಳಲೇಬೇಕು. ಆಗ ಟರ್ಕಿ ಮೇಲೆ ಯುದ್ಧ, ಬಾಲ್ಕನ್‌ನ ಸ್ಲಾವ್ ಅಣ್ಣತಮ್ಮಂದಿರನ್ನು ಬಿಡಿಸಬೇಕು ಅಂತ ಎಲ್ಲೆಲ್ಲೂ ಹುರುಪು. ‘ಅನ್ನಾ ಕರೆನಿನಾ’ ಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿತ್ತು. ಕೊನೇ ಭಾಗದಲ್ಲಿ ಟಾಲ್‌ಸ್ಟಾಯ್ ಈ ಹುರುಪನ್ನು ಒಪ್ಪಲಿಲ್ಲ. ಸಂಪಾದಕ ಕಾತ್ಕೊವ್ ಅದನ್ನು ಅಚ್ಚು ಹಾಕಲ್ಲ ಅಂದ. ಟಾಲ್‌ಸ್ಟಾಯ್ ತಮ್ಮ ದುಡ್ಡಲ್ಲಿ ಬೇರೆ ಪುಸ್ತಕವಾಗಿ ತಂದರು. ಅದರಲ್ಲಿ ಹಳ್ಳಿಯ ಜಮೀನುದಾರ ಲೆವಿನ್ ಮತ್ತೆ ಅವನ ಅಣ್ಣ ಜೇನುಗೂಡುಗಳ ನಡುವೆ ಕೂತು ವಾದ ಮಾಡುತ್ತಾರೆ. ಇಡೀ ಜನರ ಮನಸ್ಸು ಯುದ್ಧದ ಕಡೆ ಇದೆ ಅಂತ ಅಣ್ಣ. ಸರಿ, ಕೇಳೋಣ ಅಂತ ಲೆವಿನ್ ಜೇನು ತಂದುಕೊಟ್ಟ ಮುದುಕನನ್ನೇ ಕೇಳುತ್ತಾನೆ. ನಾವೇನು ಯೋಚಿಸೋದು, ದೊರೆ ನಮ್ಮ ಪರವಾಗಿ ಯೋಚಿಸಿದ್ದಾರಲ್ಲ ಅಂತ ಹೇಳಿ ಮುದುಕ, ಇನ್ನೂ ಸ್ವಲ್ಪ ರೊಟ್ಟಿ ತರಲಾ ಅಂತಾನೆ. ಅಲ್ಲಿಗೆ ‘ಇಡೀ ಜನ’ ಅನ್ನುವ ಮಾತು ಎಷ್ಟು ಟೊಳ್ಳು ಅಂತ ಗೊತ್ತಾಗುತ್ತದೆ. ಈ ಕಾದಂಬರಿಯನ್ನು ಅಷ್ಟೊಂದು ಮೆಚ್ಚಿದ್ದ ದೊಸ್ತೊಯೆವ್‌ಸ್ಕಿಗೆ ಇದು ಸಿಟ್ಟು ತಂತು. ಮಗುವಿನ ಕಣ್ಣು ಚುಚ್ಚೋಕೆ ಬಂದ ಸೈನಿಕ ಎದುರಿಗೇ ಇದ್ದರೆ ಲೆವಿನ್ ಏನು ಮಾಡುತ್ತಾನೆ, ನೋಡುತ್ತಾ ನಿಲ್ಲುತ್ತಾನಾ ಅಂತ ಬರೆದರು. ಅದೂ ಸುಲಭದ ಪ್ರಶ್ನೆ ಅಲ್ಲ. ನನಗೆ ಇನ್ನೂ ಅದಕ್ಕೆ ನೇರ ಉತ್ತರ ಸಿಕ್ಕಿಲ್ಲ.

ಆದರೆ ಟಾಲ್‌ಸ್ಟಾಯ್ ‘ಹಾಜಿ ಮುರಾತ್’ ಬರೆದರು. ಅವರು ಸತ್ತ ಮೇಲೆ 1912ರಲ್ಲಿ ಬಂತು. ಚಿಕ್ಕ ಪುಸ್ತಕ. 1851ರಲ್ಲಿ, ಇನ್ನೂ ಇಪ್ಪತ್ತೆರಡರ ಹುಡುಗನಾಗಿದ್ದಾಗ, ಅವರು ಕಾಕಸಸ್‌ಗೆ ಹೋಗಿದ್ದರು. ಕಥೆಯೂ ಅದೇ ವರ್ಷ ಶುರುವಾಗುತ್ತದೆ. 17ನೇ ಅಧ್ಯಾಯ ಎರಡೇ ಪುಟ. ರಷ್ಯನ್ ದಂಡು ಸುಟ್ಟು ಹೋದ ಮೇಲೆ ಚೆಚೆನ್ ಹಳ್ಳಿಯ ಸಾದೊ ಮನೆಗೆ ವಾಪಸ್ ಬರುತ್ತಾನೆ. ಮಗನ ಬೆನ್ನಿಗೆ ಬಯೊನೆಟ್ ಚುಚ್ಚಿ ಕೊಂದಿದ್ದಾರೆ. ತಾನೇ ನೆಟ್ಟು ಬೆಳೆಸಿದ ಜರ್ದಾಳು, ಚೆರ್ರಿ ಗಿಡಗಳು ಮುರಿದು ಕರಕಲಾಗಿವೆ. ಜೇನುಗೂಡುಗಳನ್ನು ಹುಳುಗಳ ಸಮೇತ ಸುಟ್ಟಿದ್ದಾರೆ. ಕುಡಿಯುವ ನೀರಿನ ಚಿಲುಮೆ ಹೊಲಸು ಮಾಡಿದ್ದಾರೆ, ಮಸೀದಿಯನ್ನೂ. ಇಷ್ಟನ್ನೂ ಬರೆದವರು ರಷ್ಯನ್, ಅದೇ ದಂಡಿನ ಕಡೆ ಇದ್ದವರು. ಲೆವಿನ್ ತೋಟದ ಜೇನುಗೂಡು ಓದಿದವರಿಗೆ ಇಲ್ಲಿನ ಗೂಡು ಸುಡುವುದು ಇನ್ನೂ ಜಾಸ್ತಿ ಉರಿಯುತ್ತದೆ.

ಇನ್ನೊಬ್ಬನ ಬಗ್ಗೆ ಹೇಳದೆ ಮುಗಿಸಲಾರೆ. ಅವ್ದೇಯೆವ್ ಅಂತ ಒಬ್ಬ ರಷ್ಯನ್ ಸಿಪಾಯಿ. ಅಣ್ಣನಿಗೆ ಮಕ್ಕಳಿದ್ದಾರೆ ಅಂತ ಅವನ ಬದಲು ತಾನು ಸೈನ್ಯಕ್ಕೆ ಬಂದವನು. ಒಂದು ಸಣ್ಣ ಚಕಮಕಿಯಲ್ಲಿ ಹೊಟ್ಟೆಗೆ ಗುಂಡು ಬಿದ್ದು ಸಾಯುತ್ತಾನೆ. ಶತ್ರುಗಳಲ್ಲಿ ಸುಮಾರು ನೂರು ಜನ ಸತ್ತರು, ಗಾಯಗೊಂಡರು ಅಂತ ವರದಿ ಹೋಗುತ್ತದೆ, ಅದು ಸುಳ್ಳು. ಊರಲ್ಲಿ ಮುದುಕಿ ತಾಯಿ ಒಂದು ರೂಬಲ್ ಇಟ್ಟು ಮಗನಿಗೆ ಪತ್ರ ಕಳಿಸಿರುತ್ತಾಳೆ. ಪತ್ರ ರೂಬಲ್ ಸಮೇತ ವಾಪಸ್ ಬರುತ್ತದೆ. ದೊರೆ, ದೇಶ, ಧರ್ಮ ಕಾಪಾಡುತ್ತಾ ನಿಮ್ಮ ಮಗ ಸತ್ತ ಅಂತ ಸೈನ್ಯದ ಗುಮಾಸ್ತ ಬರೆದಿರುತ್ತಾನೆ. ಮೇಷ್ಟ್ರೇ, ಉವಾರೊವ್ ಕೊಟ್ಟ ಮೂರು ಪದ ಅಂದಿರಲ್ಲ, ಹೆಚ್ಚು ಕಡಿಮೆ ಅವೇ ಮೂರು ಇಲ್ಲಿಗೆ ಬಂದು ಮುಟ್ಟಿದವು. ತಾಯಿ ಪುರುಸೊತ್ತು ಇದ್ದಷ್ಟು ಹೊತ್ತು ಅತ್ತು, ಮತ್ತೆ ಕೆಲಸಕ್ಕೆ ಹೋಗುತ್ತಾಳೆ.

ನಾನು ದಿನಕ್ಕೆ ನಾಲ್ಕೈದು ಸಲ ಓಬವ್ವನ ಕಿಂಡಿ ಹತ್ತಿರ ನಿಂತು ಕಥೆ ಹೇಳುತ್ತೇನೆ. ಗಂಡನಿಗೆ ಊಟ ಬಡಿಸಿ ನೀರಿಗೆ ಬಂದವಳು, ಕೈಗೆ ಸಿಕ್ಕ ಒನಕೆ ಹಿಡಿದು ಊರು ಉಳಿಸಿದವಳು. ಅಕ್ಷರ ಬರುವ ಮುಂಚೆ ನಾನು ಕೇಳಿದ ಕಥೆ ಅದು. ಅವಳ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆ ಆಗಿಲ್ಲ. ಆದರೆ ಅವ್ದೇಯೆವ್ ಕಥೆ ಓದಿದ ಮೇಲೆ, ಕಿಂಡಿಯಿಂದ ಒಬ್ಬೊಬ್ಬರೇ ತಲೆ ಹಾಕಿದ ಹೈದರನ ಸಿಪಾಯಿಗಳು ನನಗೆ ಬರೀ ತಲೆಗಳಾಗಿ ಉಳಿದಿಲ್ಲ. ಅವರೂ ಯಾವುದೋ ಹಳ್ಳಿಯಿಂದ ಬಂದವರು, ಕೂಲಿಗೆ ಬಂದವರು. ಹೋದ ತಿಂಗಳು ಒಂದು ಶಾಲೆ ಮಕ್ಕಳಿಗೆ ಕಥೆ ಮುಗಿಸಿದಾಗ ಒಂದು ಹುಡುಗಿ ಕೇಳಿದಳು, “ಸತ್ತವರ ಮನೆಗೆ ಯಾರು ಹೇಳಿದರು?” ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲಮ್ಮ ಅಂದೆ. ಈಗ ಕಥೆ ಹೇಳುವಾಗ ಆ ಜಾಗದಲ್ಲಿ ಒಂದು ಗಳಿಗೆ ನಿಲ್ಲಿಸುತ್ತೇನೆ.


ದುರ್ಗದ ಮೇಷ್ಟ್ರು

ಪುಸ್ತಕ ಕೊಟ್ಟವನು ನಾನೇ. ಆ ಮೂರು ಪದ ಆ ಪತ್ರದಲ್ಲಿ ಕೂತಿವೆ ಅಂತ ನಾನೇ ಗಮನಿಸಿರಲಿಲ್ಲ. ಮರೇಯ್ ಬಗ್ಗೆ ನಿನ್ನ ಮಾತನ್ನು ಇನ್ನೂ ಯೋಚಿಸುತ್ತಿದ್ದೇನೆ. ಬೆರಳು ನಿಜ, ಬೇಲಿಯೂ ನಿಜ. ಭಾನುವಾರ ಮನೆಗೆ ಬಾ, ಕೂತು ಮಾತಾಡೋಣ.


ಮಂಡಿಪೇಟೆ ಓದುಗಿ

ಎಲ್ಲರ ಬರಹವನ್ನೂ ಪ್ರಿಂಟ್ ತೆಗೆಸಿ ಗೆಳತಿಯ ಮನೆಗೆ ಹೋಗಿದ್ದೆ. ಅವರು ರಾತ್ರಿ ಪಾಳಿ ಮುಗಿಸಿ ಬಂದು ಇನ್ನೂ ಮಲಗಿರಲಿಲ್ಲ. ಹರಿಹರದ ತಮ್ಮನ ಅಜ್ಜಿ ಕಥೆಯನ್ನು ಎರಡು ಸಲ ಓದಿದರು. ಆಮೇಲೆ ‘ಹಾಜಿ ಮುರಾತ್’ ಫೋನಿನಲ್ಲೇ ತೆಗೆದು, ಅವ್ದೇಯೆವ್ ಸಾಯುವ ಅಧ್ಯಾಯ ಹುಡುಕಿಕೊಂಡರು. ಸೈನ್ಯದ ಆಸ್ಪತ್ರೆ. ಅವನು ಮೇಣದ ಬತ್ತಿ ಕೇಳುತ್ತಾನೆ. ಕೈಗೆ ಕೊಟ್ಟರೆ ಬೆರಳು ಮಡಚೋಕೆ ಆಗಲ್ಲ. ಬೆರಳುಗಳ ನಡುವೆ ಬತ್ತಿ ಸಿಕ್ಕಿಸಿ, ಇನ್ನೊಬ್ಬರು ಅದನ್ನು ಹಿಡಿದುಕೊಳ್ಳುತ್ತಾರೆ. “ಇದು ಸರಿಯಾಗಿ ಬರೆದಿದ್ದಾರೆ, ಕೊನೆಗೆ ಬೆರಳು ಹೀಗೇ ಆಗುತ್ತೆ” ಅಂದರು. ಎಷ್ಟು ಜನರ ಕೈ ಹೀಗೆ ಹಿಡಿದಿದ್ದೀರಿ ಅಂತ ಕೇಳಿದೆ. ಲೆಕ್ಕ ಇಟ್ಟಿಲ್ಲ ಅಂದರು.

ಭಾನುವಾರ ನಾನು ಮಾತಾಡುವುದು ಅರ್ಧ ಗಂಟೆ ಮಾತ್ರ. ನತಾಶಾ ಕುಣಿತ ನಾನು ಓದುತ್ತೇನೆ. ಅದಾದ ಮೇಲೆ ಆ ಆಸ್ಪತ್ರೆ ಅಧ್ಯಾಯವನ್ನು ಅವರು ಓದುತ್ತಾರೆ. ಇಂಗ್ಲಿಷ್‌ನಲ್ಲಿ ಬೇಡ, ಕನ್ನಡದಲ್ಲಿ ಹೇಳ್ತೀನಿ, ತಪ್ಪಾದರೆ ನೀವು ತಿದ್ದಿ ಅಂದಿದ್ದಾರೆ.